ಪರಿಸರ ಓದಿದವರಿಗೆ ಕೆಲಸ ಎಲ್ಲಿದೆ?

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ ಮುಗಿಸಿ ಒಂದೂವರೆ ವರ್ಷವಾಯಿತು. ಹೋದಲ್ಲೆಲ್ಲ ‘ಅನುಭವ ಇದೆಯಾ?’ ಎಂದು ಕೇಳುತ್ತಾರೆ. ಆನ್‌ಲೈನ್ ಕೋರ್ಸ್‌ಗಳ ಸರ್ಟಿಫಿಕೇಟ್ ಒಂಬತ್ತು ಇವೆ. ಹವಾಮಾನ, ಕಾರ್ಬನ್, ಜೀವವೈವಿಧ್ಯ, ಎಲ್ಲದರ ಬಗ್ಗೆಯೂ ಸ್ವಲ್ಪ ಸ್ವಲ್ಪ ಗೊತ್ತು. ಇನ್ನೇನು ಕಲಿಯಲಿ?

ಉತ್ತರ: ಹತ್ತನೇ ಸರ್ಟಿಫಿಕೇಟ್ ಮಾತ್ರ ಬೇಡ. ತೊಂದರೆ ಏನು ಅಂತ ನೀವೇ ಬರೆದಿದ್ದೀರಿ: ‘ಎಲ್ಲದರ ಬಗ್ಗೆಯೂ ಸ್ವಲ್ಪ ಸ್ವಲ್ಪ’. ನಮ್ಮ ಕ್ಷೇತ್ರದಲ್ಲಿ ಕೆಲಸ ಸಿಗುವುದು ಅಳೆಯಲು ಬಲ್ಲವರಿಗೆ. ನೀರು, ಗಾಳಿ, ಸದ್ದು, ಮಣ್ಣು, ಹಕ್ಕಿಗಳ ಎಣಿಕೆ, ಕಟ್ಟಡದ ವಿದ್ಯುತ್ ಲೆಕ್ಕ, ಯಾವುದಾದರೂ ಸರಿ. ಒಂದನ್ನು ಹಿಡಿಯಿರಿ. ‘ನಾನೇ ಅಳೆದೆ, ಇಲ್ಲಿ ತಪ್ಪಿತು, ಹೀಗೆ ಸರಿಮಾಡಿದೆ’ ಎಂದು ಎದುರಿನವರಿಗೆ ಹೇಳುವಷ್ಟು ಅದು ಕೈಗೆ ಹತ್ತಬೇಕು.

ನೀರಿನಲ್ಲಿ ಸಾವಯವ ಕೊಳೆ ಎಷ್ಟಿದೆ ಎಂದು ತಿಳಿಯುವ ಬಿಒಡಿ ಪರೀಕ್ಷೆಯನ್ನೇ ನೋಡಿ. ಪುಸ್ತಕದಲ್ಲಿ ಎರಡು ಸಾಲು: ಮಾದರಿಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ, 5 ದಿನ ಇಟ್ಟು ಕರಗಿದ ಆಮ್ಲಜನಕ ಎಷ್ಟು ಇಳಿಯಿತು ಎಂದು ನೋಡುವುದು. ಕೈಯಲ್ಲಿ ಮಾಡುವಾಗ ಕಥೆಯೇ ಬೇರೆ. 300 ಎಂಎಲ್ ಬಾಟಲಿಯನ್ನು ತುಂಬಿ, ಗಾಜಿನ ಬಿರಡೆ ಹಾಕುವಾಗ ಒಂದು ಗುಳ್ಳೆ ಒಳಗೆ ಉಳಿದರೂ ಲೆಕ್ಕ ಕೆಡುತ್ತದೆ. ಮಾದರಿ ಜಾಸ್ತಿ ಹಾಕಿದರೆ ಐದನೇ ದಿನ ಬಾಟಲಿಯಲ್ಲಿ ಆಮ್ಲಜನಕವೇ ಇರುವುದಿಲ್ಲ. ಕಡಿಮೆ ಹಾಕಿದರೆ ಇಳಿಕೆ ಕಾಣುವುದೇ ಇಲ್ಲ. ಕೊನೆಗೆ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಉಳಿದಿರಬೇಕು, ಕನಿಷ್ಠ 2 ಮಿಲಿಗ್ರಾಂ ಇಳಿದಿರಬೇಕು. ಇಲ್ಲದಿದ್ದರೆ ಐದು ದಿನದ ಕಾಯುವಿಕೆ ನೀರಲ್ಲಿ ಹೋಮ. ಅದಕ್ಕೇ ಅನುಭವಸ್ಥರು ಒಂದೇ ಮಾದರಿಗೆ ಮೂರ‍್ನಾಲ್ಕು ಪ್ರಮಾಣದಲ್ಲಿ ಬಾಟಲಿ ಇಡುತ್ತಾರೆ. ಇದು ಯಾವ ವಿಡಿಯೊ ನೋಡಿದರೂ ಬರುವುದಿಲ್ಲ. ಎರಡು ಸಲ ಕೆಟ್ಟ ಮೇಲೇ ಬರುವುದು.

ಸಂದರ್ಶನಗಳಲ್ಲಿ ನಾನು ಒಂದು ಹಾಳೆ ಮುಂದಿಡುತ್ತೇನೆ. ಅದರಲ್ಲಿ ಒಂದೇ ಕೊಳಚೆ ನೀರಿನ ಬಿಒಡಿ 240, ಸಿಒಡಿ (ಕೊಳೆ ಅಳೆಯುವ ಇನ್ನೊಂದು ಪರೀಕ್ಷೆ) 180. ‘ಏನನಿಸುತ್ತದೆ?’ ಅಷ್ಟೇ ಪ್ರಶ್ನೆ. ಸಿಒಡಿಯಲ್ಲಿ ಡೈಕ್ರೋಮೇಟ್ ಎಂಬ ಗಟ್ಟಿ ರಾಸಾಯನಿಕ ಬಹುತೇಕ ಎಲ್ಲ ಸಾವಯವ ಕೊಳೆಯನ್ನೂ ಸುಡುತ್ತದೆ. ಬಿಒಡಿಯಲ್ಲಿ ಸೂಕ್ಷ್ಮಜೀವಿಗಳು ಐದು ದಿನದಲ್ಲಿ ತಿಂದು ಮುಗಿಸಿದ್ದು ಮಾತ್ರ ಲೆಕ್ಕಕ್ಕೆ. ಹಾಗಾಗಿ ಕೊಳಚೆ ನೀರಿನಲ್ಲಿ ಸಿಒಡಿಯೇ ದೊಡ್ಡದಿರಬೇಕು. ಹಾಳೆ ನೋಡಿದ ಕೂಡಲೇ ‘ಎಲ್ಲೋ ತಪ್ಪಾಗಿದೆ ಸರ್’ ಎನ್ನುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ತುಂಬಾ ಖುಷಿ. ಅವರ ಸರ್ಟಿಫಿಕೇಟ್ ಎಷ್ಟಿವೆ ಎಂದು ಕೇಳಲು ಆಮೇಲೆ ಮನಸ್ಸೇ ಬರುವುದಿಲ್ಲ.

ಲ್ಯಾಬ್ ಸಿಗಲಿಲ್ಲವೇ? ಲ್ಯಾಪ್‌ಟಾಪ್ ಇದ್ದರೂ ಸಾಕು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಎಲ್ಲರಿಗೂ ಉಚಿತ. ಸೆಂಟಿನೆಲ್-2 ಚಿತ್ರಗಳಲ್ಲಿ 10 ಮೀಟರ್ ತನಕದ ವಿವರ ಸಿಗುತ್ತದೆ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ. ಒಂದು ಕೆರೆ ಆರಿಸಿಕೊಳ್ಳಿ. ಇಪ್ಪತ್ತು ವರ್ಷದಲ್ಲಿ ನೀರಿನ ಹರವು ಎಷ್ಟು ಬದಲಾಗಿದೆ ಎಂದು ಅಳೆಯಿರಿ. ಒಂದು ಎಚ್ಚರಿಕೆ: ಪ್ರತಿ ವರ್ಷವೂ ಅದೇ ತಿಂಗಳ ಚಿತ್ರ ತೆಗೆದುಕೊಳ್ಳಿ. ಒಂದು ವರ್ಷ ಮಳೆಗಾಲದ್ದು, ಇನ್ನೊಂದು ವರ್ಷ ಬೇಸಿಗೆಯದ್ದು ಹಿಡಿದು ‘ಕೆರೆ ಕುಗ್ಗಿದೆ’ ಎಂದು ಬರೆದ ವರದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಫೋನಿನ ಜಿಪಿಎಸ್ ಹಿಡಿದು ದಡದಲ್ಲಿ ನಡೆದು ಬನ್ನಿ. ನಕ್ಷೆಯ ಗೆರೆ ಎಲ್ಲಿ ತಪ್ಪಿದೆ ಎಂದು ಆಗ ಗೊತ್ತಾಗುತ್ತದೆ. ಎರಡೇ ಪುಟದಲ್ಲಿ ಬರೆಯಿರಿ, ತಪ್ಪಿದ ಜಾಗವನ್ನೂ ಸೇರಿಸಿ. ಇನ್ನು ಯಾರಾದರೂ ಅನುಭವ ಕೇಳಿದರೆ ಆ ಎರಡು ಪುಟ ಕೊಡಿ.

ಪ್ರಶ್ನೆ: ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಒಂಬತ್ತು ವರ್ಷದಿಂದ ಆಪರೇಟರ್. ಡಿಪ್ಲೊಮಾ ಓದಿದ್ದೇನೆ. ನನ್ನ ಕೈಯಲ್ಲೇ ಕಲಿತವರು ಸೂಪರ್‌ವೈಸರ್ ಆದರು. ನಾನು ಇಲ್ಲೇ ಉಳಿದೆ. ವಯಸ್ಸು 34. ಈಗ ತಡವಾಯಿತೇ?

ಉತ್ತರ: ಖಂಡಿತ ತಡವಾಗಿಲ್ಲ. ಒಂದು ಲೀಟರ್ ಸಿಲಿಂಡರ್‌ನಲ್ಲಿ ಕೆಸರು ಅರ್ಧ ಗಂಟೆಯಲ್ಲಿ ಹೇಗೆ ಕೂರುತ್ತದೆ ಎಂದು ನೋಡಿಯೇ, ನಾಳೆ ಘಟಕ ಹೇಗಿರುತ್ತದೆ ಎಂದು ನೀವು ಹೇಳಬಲ್ಲಿರಿ. ನೊರೆಯ ಬಣ್ಣ, ಗಾಳಿ ಊದುವ ಬ್ಲೋವರ್‌ನ ಸದ್ದು ಬದಲಾದರೆ ನಿಮಗೆ ನಿದ್ದೆಯಲ್ಲೂ ಎಚ್ಚರವಾಗುತ್ತದೆ. ಇದೆಲ್ಲ ನಿಮ್ಮ ತಲೆಯಲ್ಲಿದೆ, ಕಾಗದದ ಮೇಲೆ ಇಲ್ಲ. ಬಡ್ತಿ ಕೊಡುವವರು ನೋಡುವುದು ಕಾಗದವನ್ನೇ. ಅನ್ಯಾಯ ಹೌದು, ಆದರೆ ಇದನ್ನು ನಿಮ್ಮ ಕೈಯಾರೆ ಸರಿಪಡಿಸಿಕೊಳ್ಳಬಹುದು.

ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ವಿದ್ಯುತ್ ಗಾಳಿ ಊದುವುದಕ್ಕೇ ಹೋಗುತ್ತದೆ. ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಇದ್ದರೆ ಸಾಮಾನ್ಯವಾಗಿ ಸಾಕು. ರಾತ್ರಿ ಹೊರೆ ಕಡಿಮೆಯಾದಾಗ ಅದು 4, 5ಕ್ಕೆ ಏರಿ ಸುಮ್ನೆ ಕರೆಂಟ್ ಹೋಗುತ್ತಿರುತ್ತದೆ. ಮೂರು ತಿಂಗಳು ಗಂಟೆಗೊಮ್ಮೆ ಬರೆದಿಡಿ. ಮೇಲಿನವರ ಒಪ್ಪಿಗೆ ಪಡೆದು ಬ್ಲೋವರ್ ಸಮಯ ಬದಲಿಸಿ. ಹೊರಬರುವ ನೀರಿನ ಗುಣಮಟ್ಟ ಕೆಡದೆ ಎಷ್ಟು ಯೂನಿಟ್ ಉಳಿಯಿತು ಎಂದು ಒಂದು ಪುಟದಲ್ಲಿ ತೋರಿಸಿ. ಇದೇ ಲೆಕ್ಕವನ್ನು ಕಾರ್ಬನ್ ಕೆಲಸದವರು ‘ಸ್ಕೋಪ್ 2’ ಎನ್ನುತ್ತಾರೆ, ಅಂದರೆ ಕೊಂಡ ವಿದ್ಯುತ್ತಿನಿಂದಾದ ಹಸಿರುಮನೆ ಅನಿಲಗಳ ಹೊರಸೂಸುವಿಕೆ. ಒಂಬತ್ತು ವರ್ಷ ಘಟಕ ನಡೆಸಿದವರು ಈ ಭಾಷೆ ಕಲಿಯಲು ಒಂದು ತಿಂಗಳು ಸಾಕು. ಭಾಷೆ ಮಾತ್ರ ಬಲ್ಲವರು ಘಟಕ ಕಲಿಯಲು ವರ್ಷಗಳೇ ಬೇಕು. ಜೊತೆಗೆ ಪರಿಸರ ನಿರ್ವಹಣೆಯ ಮಾನದಂಡವಾದ ಐಎಸ್ಒ 14001 ಒಳ ಲೆಕ್ಕಪರಿಶೋಧಕರ ತರಬೇತಿ ಸಿಕ್ಕರೆ ಬಿಡಬೇಡಿ. ಅದು ಕೆಲವೇ ದಿನಗಳದ್ದು.

ಪ್ರಶ್ನೆ: ನಾನು ಸಣ್ಣ ಸಮೀಕ್ಷಾ ಸಂಸ್ಥೆ ನಡೆಸುತ್ತೇನೆ. ಒಳ್ಳೆಯ ಯುವಕರನ್ನು ಸೇರಿಸಿಕೊಳ್ಳುತ್ತೇವೆ, ಒಂದು ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ‘ಪರಿಸರದ ಕಾಳಜಿ ಇಲ್ಲ’ ಎನ್ನಲೂ ಆಗದು, ತುಂಬಾ ಕಾಳಜಿ ಇದ್ದವರೇ ಮೊದಲು ಹೋಗುತ್ತಾರೆ. ಏನು ಮಾಡಲಿ?

ಉತ್ತರ: ಕಾಳಜಿ ಇದ್ದವರೇ ಮೊದಲು ದಣಿಯುತ್ತಾರೆ, ಅಲ್ವಾ? ‘ಒಳ್ಳೆಯ ಕೆಲಸ’ ಎಂಬ ಹೆಸರಿನಲ್ಲಿ ಅವರಿಂದ ಜಾಸ್ತಿ ದುಡಿಸಿಕೊಳ್ಳುವುದು ಸುಲಭ. ನಾನೂ ಹಾಗೆ ದುಡಿದವನೇ. ಎರಡು ವರ್ಷ ನಾನು ತಂದ ಅಂಕಿಗಳು ವರದಿಯಲ್ಲಿ ಬಂದವು, ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಆ ನೋವು ಇನ್ನೂ ಇದೆ. ಹಾಗಾಗಿ ಮೊದಲು ಅಲ್ಲಿಂದಲೇ ಶುರು ಮಾಡಿ: ಅಳೆದವರ ಹೆಸರು ವರದಿಯಲ್ಲಿ ಇರಲಿ.

ಎರಡನೆಯದು ಗುತ್ತಿಗೆ. ನಿಮ್ಮ ಯೋಜನೆ ನಾಲ್ಕು ತಿಂಗಳಿನದ್ದು, ಅವರ ಮನೆ ಬಾಡಿಗೆ ಹನ್ನೆರಡು ತಿಂಗಳಿನದ್ದು. ಸಮೀಕ್ಷೆ ಇಲ್ಲದ ತಿಂಗಳುಗಳಲ್ಲಿ ಅಂಕಿ ಶುದ್ಧಗೊಳಿಸುವುದು, ಉಪಕರಣ ಕ್ಯಾಲಿಬ್ರೇಟ್ ಮಾಡುವುದು, ವರದಿ ಬರೆಯುವುದು ಕೊಡಿ. ಈ ಕೆಲಸಗಳು ಹೇಗೂ ಇದ್ದೇ ಇರುತ್ತವೆ, ಕೊನೆಯ ವಾರದಲ್ಲಿ ತರಾತುರಿಯಲ್ಲಿ ಮುಗಿಸುತ್ತೀರಿ ಅಷ್ಟೇ. ಮುಂದಿನ ಯೋಜನೆಗೆ ಬಜೆಟ್ ಹಾಕುವಾಗಲೇ ಇದಕ್ಕೂ ದಿನಗಳನ್ನು ಬರೆದುಕೊಳ್ಳಿ.

ಮೂರನೆಯದು ಜೀವದ ವಿಷಯ. ಬಿಸಿಲಿನ ಕೆಲಸಕ್ಕೆ ಹೊಸಬರನ್ನು ಮೊದಲ ದಿನವೇ ಪೂರ್ತಿ ಇಳಿಸಬೇಡಿ. ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ ಸರಳ: ಮೊದಲ ದಿನ ಬಿಸಿಲಿನ ಕೆಲಸ ಶೇ 20ರಷ್ಟು ಮಾತ್ರ, ಆಮೇಲೆ ದಿನಕ್ಕೆ ಶೇ 20ಕ್ಕಿಂತ ಜಾಸ್ತಿ ಏರಿಸಬಾರದು. ಚರಂಡಿ, ಬಾವಿ, ಮುಚ್ಚಿದ ಟ್ಯಾಂಕ್ ಹತ್ತಿರ ಗ್ಯಾಸ್ ಮೀಟರ್ ಇಲ್ಲದೆ ಯಾರನ್ನೂ ಕಳಿಸಬೇಡಿ. ಅಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಪ್ರಮಾಣ ಏರಿದಾಗ ಮೂಗೇ ಮರಗಟ್ಟಿ ವಾಸನೆ ಹೋಗುತ್ತದೆ. ವಾಸನೆ ಹೋಯಿತು, ಅಪಾಯವೂ ಹೋಯಿತು ಎಂದು ಒಳಗಿಳಿದವರು ವಾಪಸ್ ಬಂದಿಲ್ಲ. ಕೈಗವಸು, ಬೂಟು ಹೆಣ್ಣುಮಕ್ಕಳ ಅಳತೆಯಲ್ಲೂ ತರಿಸಿ. ದೊಡ್ಡ ಕೈಗವಸು ಹಾಕಿಕೊಂಡು ಮಾದರಿ ಬಾಟಲಿಯ ಮುಚ್ಚಳ ತಿರುಗಿಸಲು ಆಗದೆ ಅದನ್ನು ಕಳಚಿಟ್ಟು ಬರಿಗೈಯಲ್ಲಿ ಕೊಳಚೆ ಮುಟ್ಟಿದವರನ್ನು ನೋಡಿದ್ದೇನೆ.

ಬಿಟ್ಟು ಹೋದವರಲ್ಲಿ ಇಬ್ಬರು ಮೂವರಿಗೆ ಈ ವಾರ ಫೋನ್ ಮಾಡಿ, ಯಾಕೆ ಹೋದಿರಿ ಎಂದು ಕೇಳಿ. ಅವರು ಹೇಳುವಾಗ ಮಧ್ಯೆ ಮಾತಾಡಬೇಡಿ, ಬರೆದುಕೊಳ್ಳಿ.