ದೋಣಿ ಸಂಸಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ ಅನ್ನೋ ಇಕ್ಕಟ್ಟಾದ ಉದ್ದನೆ ದೋಣೀನೇ ಮನೆ ಮಾಡ್ಕೊಂಡಿರೋ ನಮ್ಮಂಥವರ ಬಗ್ಗೆ ಬರೆದಿದ್ದೆ, ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧ ಜನ "ಬಾಡಿಗೆ ಉಳಿಯುತ್ತಾ" ಅಂತ ಕೇಳಿದ್ದಾರೆ, ಇನ್ನರ್ಧ ಜನಕ್ಕೆ ಟಾಯ್ಲೆಟ್ಟಿಂದೇ ಚಿಂತೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕೆಲವನ್ನ ಇಲ್ಲಿ ತಗೊಂಡಿದೀನಿ.

ಮಗ ಲಂಡನ್ ಹತ್ರ ಸಾಫ್ಟ್‌ವೇರ್ ಕೆಲಸದಲ್ಲಿದಾನೆ. ಮನೆ ತಗೊಳ್ಳಪ್ಪ ಅಂತ ದುಡ್ಡು ಕಳಿಸಿದ್ರೆ ದೋಣಿ ತಗೊಂಡು ಕೂತಿದಾನೆ. ಆ ಚಳೀಲಿ ನೀರಿನ ಮೇಲೆ ಹೆಂಗೆ ಮಲಗ್ತಾನೆ? ಮುಳುಗಿಬಿಟ್ರೆ? ವಿಳಾಸಾನೇ ಇಲ್ಲದ ಹುಡುಗನಿಗೆ ಹೆಣ್ಣು ಕೊಡೋರು ಯಾರು? - ಒಬ್ಬ ತಾಯಿ, ದಾವಣಗೆರೆ

ಅಮ್ಮಾ, ಮೊದಲು ಮುಳುಗೋ ವಿಷಯ ಮುಗಿಸೋಣ. ಅಲ್ಲಿನ ಕಾಲುವೆ ನಮ್ಮ ಭದ್ರಾ ನಾಲೆ ಥರ ರಭಸವಾಗಿ ಹರಿಯಲ್ಲ, ನಿಂತ ನೀರು, ಬಹಳ ಕಡೆ ಆಳ ಎದೆಮಟ್ಟಕ್ಕಿಂತ ಕಮ್ಮೀನೇ. ಬಿದ್ರೆ ಎದ್ದು ನಿಂತ್ಕೊಂಡ್ರೆ ಆಯ್ತು (ಲಾಕ್, ಅಂದ್ರೆ ನೀರು ತುಂಬಿಸಿ ಖಾಲಿ ಮಾಡಿ ಬೋಟನ್ನ ಮೇಲೆ ಕೆಳಗೆ ಮಾಡೋ ಗೇಟಿನ ತೊಟ್ಟಿ, ಅದರೊಳಗೆ ಬೀಳೋದು ಬೇರೆ ಮಾತು, ಅದನ್ನ ಮುಂದೆ ಹೇಳ್ತೀನಿ). ದೋಣಿ ಅಂದ್ರೆ ಮರದ ತೆಪ್ಪ ಅಂತಾನೂ ಅಂದ್ಕೋಬೇಡಿ. ಉಕ್ಕಿಂದು, ಈಗಿನವಕ್ಕೆ ಸಾಮಾನ್ಯವಾಗಿ ತಳ 10 ಮಿಲಿಮೀಟರ್ ದಪ್ಪ, ಪಕ್ಕದ ಗೋಡೆ 6 ಮಿಲಿಮೀಟರ್. ಅಗಲ ಮಾತ್ರ 6 ಅಡಿ 10 ಇಂಚು, ಕೈ ಚಾಚಿದ್ರೆ ಎರಡೂ ಗೋಡೆ ಸಿಗುತ್ತೆ. ಯಾಕೆ ಇಷ್ಟು ಇಕ್ಕಟ್ಟು ಅಂದ್ರೆ 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನೋ ಎಂಜಿನಿಯರ್ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ 7 ಅಡಿ ಅಗಲದ ಲಾಕ್‌ಗಳನ್ನ ಕಟ್ಟಿಸಿಬಿಟ್ಟ, ಆಮೇಲೆ ಬಂದೋರೂ ಬಹಳಷ್ಟು ಕಡೆ ಅದೇ ಅಳತೆ ಹಿಡ್ಕೊಂಡ್ರು, ಇವತ್ತಿಗೂ ನಿಮ್ಮ ಮಗ ಅದೇ ಅಳತೇಲಿ ಮಲಗಬೇಕು.

ಚಳಿಗೆ ಒಳಗೊಂದು ಕಬ್ಬಿಣದ ಒಲೆ ಇರುತ್ತೆ, ಹೊಗೆ ಬರದ ಕಲ್ಲಿದ್ದಲು ಹಾಕಿ ರಾತ್ರಿ ಗಾಳಿ ಕಮ್ಮಿ ಮಾಡಿ ಮಲಗಿದ್ರೆ ಬೆಳಿಗ್ಗೆವರೆಗೂ ಕೆಂಡ ಇರುತ್ತೆ, ನಿಜ ಹೇಳಬೇಕು ಅಂದ್ರೆ ಜನವರೀಲೂ ಒಳಗೆ ಬನಿಯನ್‌ನಲ್ಲಿ ಕೂರೋ ಅಷ್ಟು ಬೆಚ್ಚಗಾಗುತ್ತೆ. ನೀವು ಭಯ ಪಡಬೇಕಾದ್ದು ಚಳಿಗಲ್ಲ, ಒಲೆಯಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದಲ್ಲೇ ಆಳು ಹೋಗ್ತಾನೆ. ಮಲಗೋ ವ್ಯವಸ್ಥೆ ಇರೋ ಬೋಟ್‌ಗಳಿಗೆಲ್ಲ 2019ರ ಏಪ್ರಿಲ್‌ನಿಂದ ಅಲಾರಂ ಕಡ್ಡಾಯ. ಮುಂದಿನ ಸಲ ಫೋನ್ ಮಾಡಿದಾಗ "ಊಟ ಆಯ್ತಾ" ಅಂತ ಕೇಳಿದ ಮೇಲೆ "ಅಲಾರಂ ಬಟನ್ ಒತ್ತಿ ಟೆಸ್ಟ್ ಮಾಡಿದ್ಯಾ, ಚಳಿ ಅಂತ ಗಾಳಿ ಕಿಂಡಿಗೆ ಬಟ್ಟೆ ತುರುಕಿಲ್ಲ ತಾನೆ, ಒಲೆ ಬೂದೀನ ಬಕೆಟ್‌ನಲ್ಲಿ ಒಳಗೇ ಇಟ್ಟಿಲ್ಲ ತಾನೆ" ಅಂತ ಮೂರೂ ಕೇಳಿ. ಆ ಬೂದಿ ತಣ್ಣಗಿದ್ದಂಗೆ ಕಾಣುತ್ತೆ ಆದ್ರೆ ಒಳಗೆ ಕೆಂಡ ಇದ್ದು ವಿಷಗಾಳಿ ಬಿಡ್ತಾನೇ ಇರುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ವಿಳಾಸದ್ದು ನಿಜವಾದ ತಲೆನೋವೇ. ಆಸ್ಪತ್ರೆಗೆ ತೊಂದ್ರೆ ಇಲ್ಲ, ವಿಳಾಸದ ದಾಖಲೆ ಇಲ್ದೇನೂ ಡಾಕ್ಟರ್ ಹತ್ರ ಹೆಸರು ನೋಂದಾಯಿಸಬಹುದು. ಬ್ಯಾಂಕು, ಇನ್ಶೂರೆನ್ಸು ಅಂತ ಬಂದ್ರೆ ಮಾತ್ರ ಸ್ನೇಹಿತರ ಮನೆ ವಿಳಾಸನೋ, ಪತ್ರ ಹಿಡಿದಿಟ್ಟು ಸ್ಕ್ಯಾನ್ ಮಾಡಿ ಕಳಿಸೋ ಸರ್ವೀಸೋ ಬೇಕಾಗುತ್ತೆ. ವಾಸಕ್ಕೆ ಅನುಮತಿ ಇರೋ ಮೂರಿಂಗ್ (ಬೋಟ್ ಕಟ್ಟೋ ಜಾಗ) ಸಿಕ್ರೆ ವಿಳಾಸಾನೂ ಸಿಗುತ್ತೆ. ಇನ್ನು ಹೆಣ್ಣಿನ ವಿಷಯ ಈ ಅಂಕಣದ ವ್ಯಾಪ್ತಿಗೆ ಬರಲ್ಲಮ್ಮ, ಆದ್ರೆ ಹುಡುಗಿ ಒಪ್ಪಿಕೊಳ್ಳೋ ಮುಂಚೆ ಫೆಬ್ರವರೀಲಿ ಒಂದು ವಾರ ಬೋಟ್‌ನಲ್ಲಿ ಇದ್ದು ನೋಡಲಿ. ಜೂನ್‌ನಲ್ಲಿ ನೋಡಿ ಒಪ್ಪಿದ್ರೆ ಅದು ಒಪ್ಪಿಗೇನೇ ಅಲ್ಲ.

ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ ಸರ್. ಬೋಟ್ ತಗೊಂಡ್ರೆ ಖರ್ಚು ಅರ್ಧ ಆಗುತ್ತೆ ಅಂತ ಆಫೀಸಿನಲ್ಲಿ ಒಬ್ರು ಹೇಳ್ತಿದ್ರು. ನಿಜಾನಾ? - ಮಿಲ್ಟನ್ ಕೀನ್ಸ್‌ನ ಕನ್ನಡಿಗ

ದುಡ್ಡು ಉಳಿಸೋದಕ್ಕೆ ಮಾತ್ರ ಅಂತಾದ್ರೆ ಬೇಡ. ಖಡಾಖಂಡಿತವಾಗಿ ಬೇಡ. ಕೆಲಸ ಮಾಡೋದು ಇಷ್ಟ ಇದ್ರೆ ಮುಂದೆ ಓದಿ.

ಕಾಲುವೇಲಿ ಬೋಟ್ ಇಡೋದಕ್ಕೆ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಕೊಡೋ ಲೈಸೆನ್ಸ್ ಬೇಕು. 2012ರಿಂದ ಇಂಗ್ಲೆಂಡ್ ಮತ್ತೆ ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗ ಅವರ ಉಸ್ತುವಾರೀಲಿದೆ. ಫೀಸು ಬೋಟಿನ ಉದ್ದ ಅಗಲದ ಮೇಲೆ, 57 ಅಡಿದಕ್ಕೆ ವರ್ಷಕ್ಕೆ ಸಾವಿರ ಪೌಂಡ್ ದಾಟುತ್ತೆ. ಆ ಲೈಸೆನ್ಸ್ ಸಿಗಬೇಕಾದ್ರೆ ಇನ್ಶೂರೆನ್ಸ್ ಬೇಕು, ಮತ್ತೆ ನಾಲ್ಕು ವರ್ಷಕ್ಕೊಮ್ಮೆ ಗ್ಯಾಸು ವೈರಿಂಗು ಎಲ್ಲಾ ತಪಾಸಣೆ ಮಾಡಿಸಿ ಬೋಟ್ ಸೇಫ್ಟಿ ಸರ್ಟಿಫಿಕೇಟ್ ತಗೋಬೇಕು. ಎರಡು ಮೂರು ವರ್ಷಕ್ಕೊಮ್ಮೆ ಬೋಟನ್ನ ನೀರಿಂದ ಮೇಲೆತ್ತಿಸಿ ತಳಕ್ಕೆ ಕಪ್ಪು ಬಿಟುಮೆನ್ ಬಳಿಸಬೇಕು, ಇಲ್ಲಾಂದ್ರೆ ತುಕ್ಕು ಶುರು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎಲ್ಲಿ ನಿಲ್ಲಿಸ್ತೀರ ಅನ್ನೋದು. ಮರೀನಾದಲ್ಲಿ ಜಾಗ ತಗೊಂಡ್ರೆ ನೀರು ಕರೆಂಟ್ ಪಕ್ಕದಲ್ಲೇ, ಆದ್ರೆ ಲಂಡನ್ ಕಡೆ ಅದರ ರೇಟು ಕೇಳಿದ್ರೆ ಫ್ಲಾಟೇ ವಾಸಿ ಅನ್ಸುತ್ತೆ. ಜಾಗಾನೇ ಬೇಡ ಅಂದ್ರೆ ಓಡಾಡ್ಕೊಂಡೇ ಇರೋ ಲೈಸೆನ್ಸ್ ಇದೆ, 1995ರ ಕಾನೂನಿನ ಪ್ರಕಾರ ಒಂದು ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಜಾಸ್ತಿ ನಿಲ್ಲಂಗಿಲ್ಲ, ಅದೇ ಎರಡು ಸೇತುವೆ ಮಧ್ಯೆ ಹಿಂದೆ ಮುಂದೆ ಮಾಡ್ಕೊಂಡಿದ್ರೆ ಟ್ರಸ್ಟಿನೋರು ಒಪ್ಪಲ್ಲ. 2024ರ ಏಪ್ರಿಲ್‌ನಿಂದ ಈ ಓಡಾಡೋ ಲೈಸೆನ್ಸಿನೋರಿಗೆಲ್ಲ ಫೀಸಿನ ಮೇಲೆ ಹೆಚ್ಚುವರಿ ಬೇರೆ ಹಾಕ್ತಿದಾರೆ. ವಾರಕ್ಕೆ ಮೂರು ದಿನ ಆಫೀಸು, ಮಗು ಸ್ಕೂಲು ಅಂತಿರೋರಿಗೆ ಎರಡು ವಾರಕ್ಕೊಮ್ಮೆ ಊರು ಬದಲಾಯಿಸೋದು ಅಂದ್ರೆ ಏನು ಅಂತ ನೀವೇ ಯೋಚಿಸಿ.

ಇಷ್ಟೆಲ್ಲಾ ಆದ್ಮೇಲೂ ಇದು ದುಡ್ಡಿನ ಲೆಕ್ಕ ಮಾತ್ರ. ಬೋಟ್‌ನಲ್ಲಿ ನೀವೇ ಜಲಮಂಡಳಿ, ನೀವೇ ಬೆಸ್ಕಾಂ, ನೀವೇ ಪಾಲಿಕೆ. ಟ್ಯಾಂಕಲ್ಲಿ ಕೆಲವು ನೂರು ಲೀಟರ್ ನೀರಿರುತ್ತೆ, ಮುಗಿದ್ರೆ ನಲ್ಲಿ ಇರೋ ಕಡೆಗೆ ಬೋಟ್ ಓಡಿಸ್ಕೊಂಡು ಹೋಗಬೇಕು, ಡಿಸೆಂಬರ್‌ನಲ್ಲಿ ಆ ನಲ್ಲೀನೇ ಹೆಪ್ಪುಗಟ್ಟಿರುತ್ತೆ. ಚಾವಣಿ ಮೇಲಿನ ಸೋಲಾರ್ ಬೇಸಿಗೇಲಿ ರಾಜ, ಚಳಿಗಾಲದಲ್ಲಿ ದಂಡ, ಆಗ ಬ್ಯಾಟರಿ ಚಾರ್ಜಿಗೆ ಎಂಜಿನ್ ಓಡಿಸಬೇಕು, ಅದೂ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ನಿಂತಲ್ಲಿ ಓಡಿಸಂಗಿಲ್ಲ. ಒಂದು ಸಮಾಧಾನ ಅಂದ್ರೆ ಡೀಸೆಲ್, ಕಲ್ಲಿದ್ದಲು, ಗ್ಯಾಸ್ ಸಿಲಿಂಡರ್ ತುಂಬ್ಕೊಂಡು ಮಾರೋ ಫ್ಯೂಯೆಲ್ ಬೋಟ್‌ಗಳು ಬಾಗಿಲಿಗೇ ಬರ್ತವೆ. ಸಿಲಿಂಡರ್ ತಗೊಳ್ವಾಗ ಪ್ರೊಪೇನ್ ಅಂತಾನೇ ಕೇಳಿ, ಬ್ಯೂಟೇನ್ ಆದ್ರೆ ಸೊನ್ನೆ ಡಿಗ್ರಿ ಹತ್ರ ಬಂದಾಗ ಒಲೆಗೆ ಗ್ಯಾಸೇ ಬರಲ್ಲ.

ಇಷ್ಟಾದ್ಮೇಲೂ ಆಸೆ ಇದ್ರೆ, ಒಳಗಿನ ಪೇಂಟು ಸೋಫಾ ನೋಡಿ ಮರುಳಾಗಬೇಡಿ. ನಿಮ್ಮದೇ ಸರ್ವೇಯರ್ ಇಟ್ಟು, ನೀರಿಂದ ಹೊರಗೆ ತೆಗೆಸಿ, ತಳದ ಉಕ್ಕು ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಅಳೆಸಿ. ಮಾರೋನು ಕೊಡೋ ಹಳೇ ರಿಪೋರ್ಟು ಮಸಾಲೆ ದೋಸೆ ಕಟ್ಟೋಕೆ ಲಾಯಕ್ಕು.

ಕೇಳೋಕೆ ಸಂಕೋಚ. ಟಾಯ್ಲೆಟ್ ಹೇಗೆ? - ಹೆಸರು ಬೇಡ, ಹುಬ್ಬಳ್ಳಿ

ಸಂಕೋಚ ಯಾಕ್ರೀ, ಅಲ್ಲಿ ಇಬ್ಬರು ಬೋಟ್‌ನೋರು ಸೇರಿದ್ರೆ ಮೊದಲು ಮಾತಾಡೋದೇ ಅದು. ಮೂರು ಥರ ಇದೆ. ಬೋಟಿನೊಳಗೇ ದೊಡ್ಡ ಟ್ಯಾಂಕಿದ್ದು, ತುಂಬಿದಾಗ ದುಡ್ಡು ಕೊಟ್ಟು ಮೆಷಿನ್‌ನಲ್ಲಿ ಎಳೆಸೋದು ಒಂದು. ಸುಮಾರು 20 ಲೀಟರ್‌ನ ಡಬ್ಬಿ ಹಿಡಿಯೋ ಕ್ಯಾಸೆಟ್ ಇನ್ನೊಂದು, ಅದನ್ನ ನೀವೇ ಹೊತ್ಕೊಂಡು ಹೋಗಿ ಎಲ್ಸನ್ ಅಂತ ಕರೆಯೋ ಜಾಗದಲ್ಲಿ ಸುರಿದು ತೊಳೀಬೇಕು. ಮೂರನೇದು ದ್ರವ ಬೇರೆ ಘನ ಬೇರೆ ಮಾಡೋದು, ಅದಕ್ಕೆ ನೀರೇ ಬೀಳಬಾರದು.

ಇಲ್ಲೇ ನಮ್ಮೋರು ಸಿಕ್ಕಾಕ್ಕೊಳ್ಳೋದು. ನಾವು ಚೊಂಬು ಬಿಡಲ್ವಲ್ಲ. ಮೂರನೇ ಥರದ್ದಂತೂ ನಮಗೆ ಆಗಿಬರಲ್ಲ, ಕ್ಯಾಸೆಟ್ ಇದ್ರೆ ಬೇರೆಯವರಿಗಿಂತ ಬೇಗ ತುಂಬುತ್ತೆ. ಎರಡು ಡಬ್ಬಿ ಇಟ್ಕೊಳ್ಳಿ, ಚೊಂಬಿನ ಬದಲು ಸಣ್ಣ ಸ್ಪ್ರೇ ಬಾಟಲ್ ಅಭ್ಯಾಸ ಮಾಡ್ಕೊಳ್ಳಿ, ಡಬ್ಬಿ ಮುಕ್ಕಾಲಾಗ್ತಿದ್ದಂಗೇ ಖಾಲಿ ಮಾಡಿ. ಮೂಗು ಮುಚ್ಕೊಂಡು ಮಾಡೋ ಕೆಲಸ, ಎರಡು ತಿಂಗಳಾದ್ಮೇಲೆ ಮೂಗೂ ಮುಚ್ಚಲ್ಲ.

ಮಿಕ್ಸಿ, ಗ್ರೈಂಡರ್ ನಡೆಯುತ್ತಾ? ದೋಸೆ ಹಿಟ್ಟು ಉಬ್ಬುತ್ತಾ? - ಬರ್ಮಿಂಗ್‌ಹ್ಯಾಮ್‌ನ ಓದುಗರು

ನಡೆಯುತ್ತೆ, ಉಬ್ಬುತ್ತೆ. ಬೋಟಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟು, ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನಂಥದ್ದೇ ಕೊಡೋದು) ಆಗಿರಲಿ, ಅಗ್ಗದ್ದು ಹಾಕಿದ್ರೆ ಮೋಟರ್ ಗುಂಯ್‌ಗುಟ್ಟಿ ಬಿಸಿಯಾಗುತ್ತೆ. 750 ವಾಟ್ ಮಿಕ್ಸಿ ಬ್ಯಾಟರಿಯಿಂದ ಹತ್ರಹತ್ರ 70 ಆಂಪ್ ಎಳೆಯುತ್ತೆ, ಕೇಳಿದ್ರೆ ಎದೆ ಧಸಕ್ ಅನ್ಸುತ್ತೆ, ಆದ್ರೆ ಚಟ್ನಿಗೆ ಎರಡು ನಿಮಿಷ ತಾನೆ. 150 ವಾಟಿನ ಟೇಬಲ್‌ಟಾಪ್ ಗ್ರೈಂಡರ್ ಅರ್ಧ ಗಂಟೆ ತಿರುಗಿದ್ರೂ 7 ಆಂಪ್ ಅವರ್ ಆಸುಪಾಸು, ಏನೂ ಅಲ್ಲ. ಬೋಟಿಗೆ ಶತ್ರು ಅಂದ್ರೆ ಎಲೆಕ್ಟ್ರಿಕ್ ಕೆಟಲ್ಲು ಮತ್ತೆ ಇಂಡಕ್ಷನ್ನು, ಅವೆರಡನ್ನೂ ಸ್ನೇಹಿತರಿಗೆ ಕೊಟ್ಟುಬಿಡಿ.

ಹಿಟ್ಟಿಗೆ ಜಾಗ ತೋರಿಸ್ತೀನಿ. ಎಂಜಿನ್ ಬಿಸಿಯಿಂದ ಸ್ನಾನದ ನೀರು ಕಾಯಿಸೋ ಕ್ಯಾಲೊರಿಫೈಯರ್ ಅನ್ನೋ ಟ್ಯಾಂಕು ಒಂದು ಕಪಾಟಲ್ಲಿರುತ್ತೆ, ಸಂಜೆ ಒಂದು ಗಂಟೆ ಎಂಜಿನ್ ಓಡಿಸಿದ್ರೆ ರಾತ್ರಿ ಪೂರ್ತಿ ಆ ಕಪಾಟು ಬೆಚ್ಚಗಿರುತ್ತೆ. ಪಾತ್ರೆ ಅಲ್ಲಿಟ್ಟು ಕೆಳಗೊಂದು ಅಗಲ ತಟ್ಟೆ ಇಡಿ, ಯಾಕಂದ್ರೆ ಉಕ್ಕಿದ್ರೆ ವೈರಿಂಗ್ ಮೇಲೆ ಸುರಿಯುತ್ತೆ. ಒಲೆ ಪಕ್ಕ ಇಟ್ರೆ ಒಂದು ಮಗ್ಗುಲು ಬೆಂದೇ ಹೋಗುತ್ತೆ.

ತೊಂದ್ರೆ ಬರೋದು ಕುಕ್ಕರಿಂದ. ಮೂರು ವಿಷಲ್‌ಗೆ ಆ ಆವಿ ಎಲ್ಲಾ ತಣ್ಣಗಿರೋ ಕಿಟಕಿ ಮೇಲೆ ಕೂತು ತೊಟ್ಟಿಕ್ಕುತ್ತೆ, ಹಾಸಿಗೆ ಹಿಂದೆ ಬೂಷ್ಟು ಬರುತ್ತೆ. ಅಡುಗೆ ಮಾಡುವಾಗ ಚಳಿ ಅಂತ ನೋಡದೆ ಕಿಟಕಿ ತೆಗೆದಿಡಿ. ಒಗ್ಗರಣೆ ಘಾಟಿನ ಬಗ್ಗೆ ಪಕ್ಕದ ಬೋಟ್‌ನೋರು ತಕರಾರು ಮಾಡಲ್ಲ, ಬಹಳ ಸಲ ತಟ್ಟೆ ಹಿಡ್ಕೊಂಡು ಬರ್ತಾರೆ.

ಬೋಟಿಗೆ ವಾಸ್ತು ನೋಡಬೇಕಾ? - ಮೈಸೂರು

ಅಡುಗೆಮನೆ ಬೆಳಿಗ್ಗೆ ಆಗ್ನೇಯದಲ್ಲಿದ್ರೆ ಸಂಜೆ ತಿರುವು ದಾಟಿದ ಮೇಲೆ ವಾಯವ್ಯದಲ್ಲಿರುತ್ತೆ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿ ಸಾಕು, ಹೋಮ ದಡದ ಮೇಲೆ ಮಾಡ್ಕೊಳ್ಳಿ.

ಮೇ ತಿಂಗಳಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಬಾಡಿಗೆ ಬೋಟ್‌ನಲ್ಲಿ ಒಂದು ವಾರ ಸುತ್ತೋ ಪ್ಲ್ಯಾನ್ ಇದೆ. ಡ್ರೈವಿಂಗ್ ಲೈಸೆನ್ಸ್ ಬೇಕಾ? ವಯಸ್ಸಾದವರಿಗೆ ಕಷ್ಟ ಆಗುತ್ತಾ? - ಜಯನಗರ, ಬೆಂಗಳೂರು

ಓಡಿಸೋಕೆ ಲೈಸೆನ್ಸ್ ಬೇಡ, ಬೋಟ್ ಕೊಡೋರೇ ಹೇಳಿಕೊಡ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ, ನಿಂತಿರೋ ಬೋಟ್‌ಗಳ ಪಕ್ಕ ಹೋಗುವಾಗ ಅದಕ್ಕಿಂತಲೂ ನಿಧಾನ, ಜೋರಾಗಿ ಹೋದ್ರೆ ಅವರ ಗೂಟಾನೇ ಕಿತ್ಕೊಂಡು ಬರುತ್ತೆ, ಬೈಗುಳ ಗ್ಯಾರಂಟಿ. ಎದುರಿಗೆ ಬೋಟ್ ಬಂದ್ರೆ ಬಲಕ್ಕೆ ಸರೀಬೇಕು, ರಸ್ತೆ ಥರ ಎಡಕ್ಕಲ್ಲ.

ಅಪ್ಪ ಅಮ್ಮ ಜೊತೇಲಿದ್ರೆ ಲಾಕ್ ಕಮ್ಮಿ ಇರೋ ಕಾಲುವೆ ಆರಿಸಿ. ಡಿವೈಜಸ್ ಹತ್ರ ಕೇನ್ ಹಿಲ್‌ನಲ್ಲಿ 29 ಲಾಕ್ ಇದೆ, ಅಲ್ಲಿಗೆ ಕರ್ಕೊಂಡು ಹೋದ್ರೆ ಒಂದು ದಿನ ಪೂರ್ತಿ ನೀವು ಗೇಟ್ ತಳ್ತಾ ಇರ್ತೀರಿ. ವೇಲ್ಸ್ ಗಡಿಯ ಲ್ಯಾಂಗಾಲೆನ್ ಕಾಲುವೇಲಿ ಟ್ರೆವರ್‌ನಿಂದ ಎಲ್ಸ್‌ಮಿಯರ್ ಕಡೆ ಹೋಗಿಬಂದ್ರೆ ದಾರೀಲಿ ಎರಡೇ ಲಾಕು, ಜೊತೆಗೆ 1805ರಲ್ಲಿ ತೆರೆದ ಪಾಂಟ್‌ಕಸುಲ್ಟೆ ಮೇಲ್ಗಾಲುವೆ ಸಿಗುತ್ತೆ. ಡೀ ನದಿಗಿಂತ 38 ಮೀಟರ್ ಮೇಲೆ, ಕಬ್ಬಿಣದ ತೊಟ್ಟೀಲಿ ಬೋಟ್ ಹೋಗ್ತಾ ಇರುತ್ತೆ, ನಡೆದಾಡೋ ದಾರಿ ಕಡೆ ಕಂಬಿ ಇದೆ, ಇನ್ನೊಂದು ಕಡೆ ಏನೂ ಇಲ್ಲ. ಅಮ್ಮನ್ನ ಕಂಬಿ ಕಡೆ ಕೂರಿಸಿ.

ಲಾಕ್ ಒಳಗೆ ಮಾತ್ರ ಆಟ ಬೇಡ. ಕೆಳಗಿಳಿಯುವಾಗ ಹಿಂದಿನ ಗೇಟಿನ ಬುಡದಲ್ಲಿ ಸಿಲ್ ಅನ್ನೋ ಕಟ್ಟೆ ನೀರೊಳಗೆ ಅಡಗಿರುತ್ತೆ, ಬೋಟಿನ ಹಿಂಭಾಗ ಅದರ ಮೇಲೆ ಕೂತ್ರೆ ಮುಂಭಾಗ ಮಾತ್ರ ಇಳೀತಾ ಹೋಗಿ ನಿಮಿಷಗಳಲ್ಲಿ ಬೋಟ್ ಮುಳುಗುತ್ತೆ. ಗೋಡೆ ಮೇಲೆ ಗುರುತು ಹಾಕಿರ್ತಾರೆ, ಅದಕ್ಕಿಂತ ಮುಂದೇನೇ ಇರಿ, ಹಗ್ಗ ಬಿಗಿಯಾಗಿ ಕಟ್ಟಬೇಡಿ. ನೀರಿಗೆ ಬಿದ್ದು ಬಂದೋರಿಗೆ ವಾರ ಹತ್ತು ದಿನದಲ್ಲಿ ಜ್ವರ ಬಂದ್ರೆ ಕಾಲುವೆಗೆ ಬಿದ್ದಿದ್ದೆ ಅಂತ ಡಾಕ್ಟರಿಗೆ ಹೇಳಿ, ನಮ್ಮ ಕಡೆ ಇಲಿ ಜ್ವರ ಅನ್ನೋದು ಅಲ್ಲೂ ಇದೆ.

ಸೌತಾಲ್ ದಾಟುವಾಗ ಎಂಜಿನ್ ದಬದಬ ಅಂತ ನಿಂತೇಹೋಯ್ತು. ಏನಿರಬಹುದು? - ಹೊಸದಾಗಿ ಬೋಟ್ ತಗೊಂಡವರು, ಲಂಡನ್

ಸೀರೆ ಇರಬಹುದು, ತಮಾಷೆ ಅಲ್ಲ. ಆ ಕಡೆ ನಮ್ಮ ದೇಶದೋರೇ ಪೂಜೆ ಮಾಡಿ ತೆಂಗಿನಕಾಯಿ, ಬಟ್ಟೆ ಎಲ್ಲಾ ಕಾಲುವೆಗೆ ಬಿಡ್ತಾರೆ. ಕಾಯಿ ತೇಲ್ಕೊಂಡು ಹೋಗುತ್ತೆ, ಬಟ್ಟೆ ಪ್ರೊಪೆಲರ್‌ಗೆ ಸುತ್ಕೊಳ್ಳುತ್ತೆ. ದಡಕ್ಕೆ ಎಳೆದು ಕಟ್ಟಿ, ಎಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕ್ಕೊಳ್ಳಿ, ಹಿಂಬದಿ ಪ್ರೊಪೆಲರ್ ಮೇಲಿರೋ ವೀಡ್ ಹ್ಯಾಚ್ ಅನ್ನೋ ಕಿಂಡಿ ತೆಗೆದು ಕೈ ಇಳಿಸಿ ಬ್ರೆಡ್ ಕೊಯ್ಯೋ ಹಲ್ಲಿನ ಚಾಕೂಲಿ ಸ್ವಲ್ಪ ಸ್ವಲ್ಪ ಕತ್ತರಿಸಿ, ಸುತ್ತಿರೋದಕ್ಕೆ ಉಲ್ಟಾ ಬಿಚ್ಚಿ. ಗ್ಲೌಸ್ ಹಾಕ್ಕೊಳ್ಳಿ, ತಂತಿ ಇದ್ರೆ ಕೈ ಕುಯ್ಯುತ್ತೆ. ಆಮೇಲೆ ಹ್ಯಾಚಿನ ಮುಚ್ಚಳ ಸರಿಯಾಗಿ ಕೂರಿಸಿ ಬಿಗಿ ಮಾಡಿ, ಎಂಜಿನ್ ಶುರು ಮಾಡಿ ಗೇರ್ ಹಾಕಿದ ಮೇಲೆ ಇನ್ನೊಮ್ಮೆ ಬಗ್ಗಿ ನೀರು ಒಳಗೆ ಬರ್ತಿಲ್ಲ ತಾನೆ ಅಂತ ನೋಡಿ. ಆ ಮುಚ್ಚಳ ಸಡಿಲ ಇದ್ದು ಎಂಜಿನ್ ರೂಮಿಗೆ ನೀರು ನುಗ್ಗಿ ಮುಳುಗಿರೋ ಬೋಟ್‌ಗಳಿವೆ.