ಯೆರೆಮೀಯನ 70 ವರ್ಷ ಎಲ್ಲಿಂದ ಶುರು?

ಯೆರೂಸಲೇಮಿನ ದೇವಾಲಯ ಬಿದ್ದ ಕ್ರಿ.ಪೂ. 586ರಿಂದ ಬಾಬಿಲೋನ್ ಬಿದ್ದ 539ಕ್ಕೆ 47 ವರ್ಷವೇ ಆಗುತ್ತಲ್ಲ, ಬೈಬಲಿನ ಪ್ರವಾದಿ ಯೆರೆಮೀಯ ಹೇಳಿದ 70 ವರ್ಷ ಎಲ್ಲಿ ಅಂತ ಕೇಳಿದ್ದೀರಿ. ಯೆರೆಮೀಯನ ಗ್ರಂಥದ 25:11 ಇನ್ನೊಮ್ಮೆ ನಿಧಾನವಾಗಿ ಓದಿ. 70 ಅನ್ನೋದು ಜನಾಂಗಗಳು ಬಾಬಿಲೋನಿನ ರಾಜನ ಕೈಕೆಳಗಿರುವ ಲೆಕ್ಕ. ಬಾಬಿಲೋನಿಗಿಂತ ಮೊದಲು ಪ್ರಬಲವಾಗಿದ್ದ ಅಸ್ಸೀರಿಯ, ಹಾರಾನ್ ಪಟ್ಟಣ ಮರಳಿ ಪಡೆಯಲು ಹೋಗಿ ಸೋತಿದ್ದು 609ರಲ್ಲಿ, ಪರ್ಷಿಯದ ರಾಜ ಕೋರೆಷ ಬಾಬಿಲೋನ್ ಹಿಡಿದಿದ್ದು 539ರಲ್ಲಿ. 70 ಆಯ್ತು. ಆದರೆ ದೇವಾಲಯ ಬಿದ್ದ 586ರಿಂದ ಮತ್ತೆ ಕಟ್ಟಿ ಮುಗಿಸಿದ 516ಕ್ಕೂ 70 ಬರುತ್ತೆ! ಲೆಕ್ಕ ಕೂಡಿತು ಅಂತ ಸುಮ್ನೆ ಒಪ್ಪೋಕಾಗಲ್ಲ, ಅಲ್ವಾ? ನನ್ನ ಒಲವು ಮೊದಲನೆಯದಕ್ಕೇ ಜಾಸ್ತಿ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಜೇಡಿಮಣ್ಣಿನ ಹಲಗೆ ಇದೆ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರನ ಆಳ್ವಿಕೆಯ 7ನೇ ವರ್ಷ, ಅಲ್ಲಿನ ಪಂಚಾಂಗದ ಅದಾರ್ ತಿಂಗಳ 2ರಂದು ‘ಯೆಹೂದದ ಪಟ್ಟಣ’ (ಯೆರೂಸಲೇಮ್) ವಶವಾಯಿತು ಎಂದಿದೆ. ಅಂದರೆ 597ರ ಮಾರ್ಚ್ 16. ಆ ದಾಖಲೆ 594ರ ಹೊತ್ತಿಗೇ, ಅಂದರೆ ದೇವಾಲಯ ಬೀಳುವ ಮೊದಲೇ, ನಿಂತುಹೋಗುತ್ತದೆ. ದೇವಾಲಯ ಬಿದ್ದಿದ್ದು 587ರಲ್ಲೋ 586ರಲ್ಲೋ ಅನ್ನೋ ಜಗಳ ಅದಕ್ಕೇ ಇನ್ನೂ ಮುಗಿದಿಲ್ಲ.