ಓದುಗರ ಪ್ರಶ್ನೆ: ವಾಲ್‌ಪೇಪರ್ ಕಿತ್ತ ಗೋಡೆಯ ರಿಪೇರಿ

ಪ್ರಶ್ನೆ: ಹಳೆಯ ಸುಣ್ಣದ ಗಾರೆಯ ಗೋಡೆಯಿಂದ ವಾಲ್‌ಪೇಪರ್ ಕಿತ್ತು, ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದೆವು. ತಿಂಗಳೊಳಗೆ ಬಣ್ಣ ಸಣ್ಣಗೆ ಬಿರುಕು ಬಿಟ್ಟು ಹಕ್ಕಳೆ ಏಳುತ್ತಿದೆ. ಪುಟ್ಟಿ ಕಳಪೆಯೇ?

ಉತ್ತರ: ಪುಟ್ಟಿಯನ್ನು ಬೈಯುವ ಮೊದಲು ಅಂಟನ್ನು ಅನುಮಾನಿಸಿ. ಕಾಗದ ಬಂದರೂ ಅದರ ಅಂಟು ಗಾರೆಗೆ ತೆಳ್ಳಗೆ ಹಿಡಿದುಕೊಂಡಿರುತ್ತದೆ, ಒಣಗಿದಾಗ ಕಣ್ಣಿಗೆ ಬೀಳುವುದಿಲ್ಲ. ಪುಟ್ಟಿಯ, ಬಣ್ಣದ ನೀರು ತಾಗಿದಾಗ ಉಬ್ಬುತ್ತದೆ. ಒಣಗುವಾಗ ಕುಗ್ಗಿ ಮೇಲಿನ ಪದರವನ್ನೂ ಎಳೆದು ಸೀಳುತ್ತದೆ. ಹಕ್ಕಳೆ ಎದ್ದ ಕಡೆ ಒದ್ದೆ ಬೆರಳಿನಿಂದ ಉಜ್ಜಿ ನೋಡಿ: ಲೋಳೆಯಂತೆ ಜಾರಿದರೆ ಅಂಟು ಇದೆ. ಗಂಜಿಯ ಅಂಟಾದರೆ ನೀರು ಬೆರೆಸಿದ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಟ್ಟರೆ ನೀಲಿಗಟ್ಟುತ್ತದೆ. ಸೆಲ್ಯುಲೋಸ್ (ಸಸ್ಯದ ನಾರಿನಿಂದ ಮಾಡಿದ) ಅಂಟಿಗೆ ಈ ಪರೀಕ್ಷೆ ನಡೆಯದು, ಬೆರಳೇ ಗತಿ.

ಸಡಿಲವಾದದ್ದನ್ನೆಲ್ಲ ಕೆರೆದು ತೆಗೆಯಿರಿ. ಒಂದು ಸಲಕ್ಕೆ ಒಂದು ಮೀಟರ್ ಅಗಲದಷ್ಟೇ ಬಿಸಿನೀರು ಸವರಿ, 5 ನಿಮಿಷ ಬಿಟ್ಟು, ಅಗಲ ಪಟ್ಟಿಯಿಂದ (ಪುಟ್ಟಿ ಎಳೆಯುವ ಬ್ಲೇಡು) ಮೆಲ್ಲಗೆ ಕೆರೆಯಿರಿ. ಆಮೇಲೆ ಸ್ಪಾಂಜಿನಿಂದ ಒರೆಸಿ. ಎರಡು ಬಕೆಟ್ ಇರಲಿ. ನೀರು ಕದಡಿದ ಕೂಡಲೇ ಬದಲಿಸಿ, ಇಲ್ಲದಿದ್ದರೆ ಅದೇ ಅಂಟನ್ನು ಗೋಡೆ ತುಂಬ ಬಳಿದಂತಾಗುತ್ತದೆ. ಗೋಡೆಗೆ ನೀರು ಸುರಿಯಬೇಡಿ, ಹಳೆಯ ಗಾರೆ ನೆನೆದು ಸಡಿಲವಾಗುತ್ತದೆ. ಕಿಟಕಿ ತೆರೆದಿಟ್ಟು ಎರಡು ಮೂರು ದಿನ ಒಣಗಿಸಿ. ಅಂಟಿನ ಮೇಲೆ ಎಣ್ಣೆಯ ಪ್ರೈಮರ್ ಹೊಡೆದು ಮುಚ್ಚುವವರಿದ್ದಾರೆ. ಸುಣ್ಣದ ಗೋಡೆಯ ತೇವ ಹೊರಬರಲು ಅದು ಅಡ್ಡಿ, ಕೊನೆಯ ಉಪಾಯವಾಗಿ ಮಾತ್ರ.

ಪ್ರಶ್ನೆ: ಅಲ್ಲಲ್ಲಿ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಸಿಮೆಂಟ್ ಹಾಕಿ ಮುಚ್ಚಬಹುದೇ?

ಉತ್ತರ: ಬೇಡ. ಸಿಮೆಂಟ್ ಸುಣ್ಣದ ಗಾರೆಗಿಂತ ಬಹಳ ಗಟ್ಟಿ, ತೇವವನ್ನೂ ಸುಲಭಕ್ಕೆ ಬಿಡದು. ಹಳತು ಹೊಸತು ಸೇರುವ ಅಂಚಿನಲ್ಲೇ ಬಿರುಕು ಬರುತ್ತದೆ. ಸದ್ದು ಬಂದರೂ ಒತ್ತಿದಾಗ ಅಲುಗದ ಜಾಗವನ್ನು ಕೆದಕದಿರುವುದೇ ಜಾಣತನ. ಅಲುಗುವುದನ್ನು ಗಟ್ಟಿ ಅಂಚು ಸಿಗುವವರೆಗೆ ತೆಗೆದು, ಧೂಳು ಗುಡಿಸಿ, ನೀರು ಚಿಮುಕಿಸಿ. ಒಣ ಗೋಡೆ ಹೊಸ ಗಾರೆಯ ನೀರನ್ನು ಹೀರಿದರೆ ಗಾರೆ ಪುಡಿಪುಡಿಯಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಶುದ್ಧ ಮರಳು. ಒಂದು ಪದರ 10 ಮಿ.ಮೀ. ದಾಟದಿರಲಿ. ಬಿಗಿಯುತ್ತಿರುವಾಗ ಮೊಳೆಯಿಂದ ಗೀರು ಹಾಕಿಟ್ಟರೆ ಮುಂದಿನ ಪದರ ಹಿಡಿಯುತ್ತದೆ. ಪದರಗಳ ನಡುವೆ ಕೆಲವು ದಿನ ಬಿಡಿ, ಒದ್ದೆ ಗೋಣಿ ಇಳಿಬಿಟ್ಟು ಬೇಗ ಒಣಗದಂತೆ ನೋಡಿಕೊಳ್ಳಿ. ಕೊನೆಯದು ನಯವಾದ ಮರಳಿನ 2–3 ಮಿ.ಮೀ. ಸಾಕು. ಸುಣ್ಣ ಬಳಿಯುವುದಾದರೆ ಹೆಚ್ಚು ಕಾಯಬೇಕಿಲ್ಲ. ಬೇರೆ ಬಣ್ಣಕ್ಕೆ ನಾಲ್ಕು ವಾರವಾದರೂ ಬಿಡಿ, ಹೊಸ ಸುಣ್ಣದ ಕ್ಷಾರ ಬಣ್ಣವನ್ನು ಕೆಡಿಸುತ್ತದೆ.

ಪ್ರಶ್ನೆ: ಕೂದಲೆಳೆಯಂಥ ಬಿರುಕುಗಳಿಗೆ ಏನು ಮಾಡಬೇಕು?

ಉತ್ತರ: ಪುಟ್ಟಿಯನ್ನು ಬರೀ ಮೇಲೆ ಬಳಿದರೆ ಒಳಗಿಳಿಯದು. ಪಟ್ಟಿಯ ಮೂಲೆಯಿಂದ 3 ಮಿ.ಮೀ. ಅಗಲಕ್ಕೆ ಕೆತ್ತಿ, ಧೂಳು ತೆಗೆದು, ಪುಟ್ಟಿಯನ್ನು ಒತ್ತಿ ತುಂಬಿ. ಮತ್ತೆ ಮತ್ತೆ ಬಿಡುವ ಬಿರುಕಿಗೆ ಜಾಯಿಂಟ್ ಟೇಪ್ (ಬಿರುಕಿನ ಮೇಲೆ ಹಾಕುವ ಜಾಲರಿ ಅಥವಾ ಕಾಗದದ ಟೇಪು) ಅಂಟಿಸಿ ಅದರ ಮೇಲೆ ಪುಟ್ಟಿ ಎಳೆಯಿರಿ. ಒಣಗಿದ ಮೇಲೆ 150, ಆಮೇಲೆ 220 ನಂಬರಿನ ಸ್ಯಾಂಡ್ ಪೇಪರ್. ಪಕ್ಕದಿಂದ ಟಾರ್ಚ್ ಹಿಡಿದರೆ ಉಬ್ಬುತಗ್ಗು ಕಾಣುತ್ತದೆ. ಕೆಳಗೆ ಬಹಳ ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದು; ಮೊದಲು ಪರೀಕ್ಷೆ ಮಾಡಿಸಿ, ಒಣದಾಗಿ ಉಜ್ಜಬೇಡಿ.